ರಾಣಿಬಾಗ್‌ನಲ್ಲಿ ನಮ್ಮ ಪಾಲು

ಬಾಂದ್ರಾದ ಹಿಲ್ ರೋಡ್ ಬಿಟ್ಟು ರಣ್ವಾರ್, ಪಾಲಿ, ಚಿಂಬಯಿಯ ಗಲ್ಲಿಗಳೊಳಗೆ ಹೊಕ್ಕರೆ ಹೆಂಚಿನ ಮಾಡು, ಮರದ ಜಗಲಿ, ಹೊರಗಿನಿಂದಲೇ ಮಹಡಿಗೆ ಹತ್ತುವ ಮೆಟ್ಟಿಲುಗಳಿರುವ ಹಳೆಯ ಮನೆಗಳು ಈಗಲೂ ಅಲ್ಲಲ್ಲಿ ಸಿಗುತ್ತವೆ. ಆದರೆ ಅವು ಕಣ್ಣೆದುರೇ ಕರಗುತ್ತಿವೆ. ಒಂದು ಬಂಗಲೆಯ ಸುತ್ತ ತಗಡಿನ ಬೇಲಿ ಎದ್ದಿತೆಂದರೆ ಅದರ ಆಯುಷ್ಯ ಮುಗಿಯಿತೆಂದೇ ಲೆಕ್ಕ; ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಗಾಜು ಹೊದ್ದ ಹತ್ತಾರು ಮಹಡಿಯ ಕಟ್ಟಡ ನಿಂತಿರುತ್ತದೆ. ಉಳಿದ ದೊಡ್ಡ ಮನೆಗಳನ್ನು ಗೇಟಿನ ಹೊರಗಿನಿಂದ ನೋಡಬಹುದೇ ಹೊರತು ಒಳಗೆ ಕಾಲಿಡುವಂತಿಲ್ಲ. ಇಷ್ಟೊಂದು ಬಂಗಲೆಗಳಿದ್ದ ಊರಿನಲ್ಲಿ ಅಂಥದ್ದೊಂದಾದರೂ ಎಲ್ಲರೂ ಒಳಗೆ ಹೋಗಿ ನೋಡಬಹುದಾದ ವಸ್ತುಸಂಗ್ರಹಾಲಯವಾಗಿ ಉಳಿದಿದ್ದರೆ ಎಂದು ಅನ್ನಿಸದ ದಿನವಿಲ್ಲ.

ಮೈಸೂರಿನವರು ಈ ವಿಷಯದಲ್ಲಿ ಪುಣ್ಯವಂತರು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಅರಮನೆ 1905ರಲ್ಲಿ ರಾಜಕುಮಾರಿಗಾಗಿ ಕಟ್ಟಿದ್ದು. ಮುಂದೆ ವಿಶ್ವವಿದ್ಯಾಲಯದ ಕೈಗೆ ಬಂದು ಜಾನಪದ ವಸ್ತುಸಂಗ್ರಹಾಲಯವಾಯಿತು. ಮುಂಬಯಿಯಲ್ಲಿ ಆ ಬಗೆಯ ಅನುಭವ ಬೇಕೆಂದರೆ ಹೋಗಬೇಕಾದದ್ದು ಬೈಕುಲಾಕ್ಕೆ, ಅಲ್ಲಿನ ಉದ್ಯಾನ-ಮೃಗಾಲಯವಾದ ರಾಣಿಬಾಗ್‌ಗೆ. ಅಲ್ಲಿ ಮರಗಳ ನಡುವೆ ನಿಂತಿರುವ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಯಾವುದೋ ಸಾಹೇಬರ ಅರಮನೆಯಂತೆ ಕಾಣುತ್ತದೆ. ಹಾಗೆಂದೇ ನಂಬಿರುವವರೂ ಬಹಳ. ವಾಸ್ತವದಲ್ಲಿ ಅದರಲ್ಲಿ ಯಾವ ಸಾಹೇಬನೂ ಸಂಸಾರ ಹೂಡಿರಲಿಲ್ಲ. ವಸ್ತುಸಂಗ್ರಹಾಲಯವಾಗಲೆಂದೇ, ಬಹುಪಾಲು ಊರ ಜನರ ವಂತಿಗೆಯ ಹಣದಿಂದ ಕಟ್ಟಲು ಹೊರಟ ಕಟ್ಟಡವದು. ಈ ನಗರದ ಅತ್ಯಂತ ಹಳೆಯ ಮ್ಯೂಸಿಯಂ.

ಮುಂಬಯಿಯ ಕನ್ನಡದ ಸಂಸಾರಗಳು ರಾಣಿಬಾಗ್‌ಗೆ ಹೋಗದೆ ಇಲ್ಲ. ಮಕ್ಕಳಿಗೆ ಬೇಸಿಗೆ ರಜೆ ಬಂತೆಂದರೆ, ಊರಿನಿಂದ ಅಜ್ಜಿ ಬಂದರೆಂದರೆ ಅಲ್ಲಿಗೊಂದು ಸುತ್ತು ಇದ್ದೇ ಇದೆ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಪೆಂಗ್ವಿನ್‌ಗಳು ಬಂದು, 2017ರ ಮಾರ್ಚ್‌ನಲ್ಲಿ ಅವುಗಳ ಮನೆ ಜನರಿಗೆ ತೆರೆದ ಮೇಲಂತೂ ಭಾನುವಾರ ಅಲ್ಲಿ ನೂಕುನುಗ್ಗಲು. ಆದರೆ ಅದೇ ಗುಂಪು ಗೇಟಿನ ಪಕ್ಕದಲ್ಲೇ ಇರುವ ಮ್ಯೂಸಿಯಂ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಸಾಗಿಬಿಡುತ್ತದೆ. ನನಗೆ ಬೇಸರವಾಗುವುದು ಅಲ್ಲಿಯೇ. ಆ ಬಾಗಿಲ ಒಳಗೆ ಧಾರವಾಡದ ಹತ್ತಿಯಿದೆ, ಕುಮಟೆಯ ಬಂದರಿದೆ, ಐಹೊಳೆಯ ಶಾಸನವಿದೆ, ಕರ್ಕಿಯ ಭಾಗವತರಿದ್ದಾರೆ. ಇವನ್ನೆಲ್ಲ ಗಾಜಿನ ಕಪಾಟಿನಲ್ಲಿ ಹೆಸರು ಬರೆದು ಇಟ್ಟಿಲ್ಲ. ಗೋಡೆ, ಕಂಬ, ಮೂರ್ತಿಗಳ ಕಥೆಯನ್ನು ಸ್ವಲ್ಪ ಕೆದಕಿದರೆ ಒಂದೊಂದಾಗಿ ಹೊರಗೆ ಬರುತ್ತವೆ.

ಬಾಂದ್ರಾದಿಂದ ದಾರಿ ಸುಲಭ. ಪಶ್ಚಿಮ ರೈಲಿನ ನಿಧಾನ ಗಾಡಿ ಹಿಡಿದು ದಾದರ್‌ನಲ್ಲಿ ಇಳಿಯುವುದು, ಸೇತುವೆ ದಾಟಿ ಮಧ್ಯ ರೈಲಿನ ನಿಧಾನ ಗಾಡಿ ಹತ್ತುವುದು, ಬೈಕುಲಾದಲ್ಲಿ ಪೂರ್ವಕ್ಕೆ ಇಳಿಯುವುದು. ಗಾಡಿ ಮಾಹಿಮ್ ಖಾರಿ ದಾಟುವಾಗ ಪಕ್ಕದಲ್ಲೇ ಸಾಗುವ ರಸ್ತೆಯನ್ನು ಗಮನಿಸಿ. ಮಾಹಿಮ್ ಮತ್ತು ಬಾಂದ್ರಾಗಳನ್ನು ಬೆಸೆದ ಆ ಹಾದಿ 1845ರಲ್ಲಿ ಆದದ್ದು ಸರ್ಕಾರದ ಔದಾರ್ಯದಿಂದಲ್ಲ. ಸರ್ ಜಮ್ಷೇಟ್‌ಜಿ ಜೀಜೀಭಾಯ್ ಅವರ ಪತ್ನಿ ಅವಾಬಾಯಿ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿ ಕೊಟ್ಟದ್ದರಿಂದ. ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ಸೇತುವೆ, ಆಸ್ಪತ್ರೆ, ಕಾಲೇಜು, ನಾಟಕ ಮಂದಿರ ಎಲ್ಲವೂ ಹೀಗೆ ಹುಟ್ಟಿದವು. ರಾಣಿಬಾಗ್‌ನ ಮ್ಯೂಸಿಯಂ ಕೂಡ ಅದೇ ಸಾಲಿನದು. ಇನ್ನು ಬೈಕುಲಾ ನಿಲ್ದಾಣದಲ್ಲಿ ಇಳಿದ ಕೂಡಲೇ ಓಡಬೇಡಿ. ದೇಶದ ಅತಿ ಹಳೆಯ ರೈಲು ನಿಲ್ದಾಣಗಳಲ್ಲೊಂದಾದ ಅದನ್ನು ಜೋಪಾನವಾಗಿ ಜೀರ್ಣೋದ್ಧಾರ ಮಾಡಿದ್ದಕ್ಕೆ 2022ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂದಿದೆ.

ಮ್ಯೂಸಿಯಂನ ಕಥೆ ಆರಂಭವಾಗುವುದು ಲಂಡನ್ನಿನಲ್ಲಿ. 1851ರಲ್ಲಿ ಅಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಭಾರತದ ಬಟ್ಟೆ, ಲೋಹದ ಕೆಲಸ, ಕೆತ್ತನೆಗಳನ್ನು ಕಂಡು ಯುರೋಪಿನವರು ಬೆರಗಾದರು. 1855ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೊಂದು ಪ್ರದರ್ಶನ. ಇವುಗಳಿಗೆ ವಸ್ತು ಕಲೆಹಾಕುವಾಗಲೇ ಮುಂಬಯಿ ಸರ್ಕಾರಕ್ಕೆ ಹೊಳೆಯಿತು: ನಮ್ಮ ಆಧಿಪತ್ಯದಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂಬುದರ ಮಾದರಿಗಳನ್ನು ಒಂದು ಕಡೆ ಇಟ್ಟರೆ ವ್ಯಾಪಾರಿಗಳಿಗೆ ಅನುಕೂಲ. ಹೀಗೆ ಕೋಟೆ ಪ್ರದೇಶದ ಬ್ಯಾರಕ್ಕೊಂದರಲ್ಲಿ ಒಂದು ಸಂಗ್ರಹ ಸಿದ್ಧವಾಯಿತು. ಕಲೆಯನ್ನು ಕಂಡು ತಣಿಯಲೆಂದು ಇಟ್ಟದ್ದಲ್ಲ ಅದು. ಧಾನ್ಯ, ನಾರು, ಎಣ್ಣೆಬೀಜ, ಬಣ್ಣ, ಮರದ ತುಂಡು, ನೇಯ್ದ ಬಟ್ಟೆ ಎಲ್ಲವೂ ಕೊಳ್ಳುವವನ ಕಣ್ಣಿಗೆ ಬೀಳಲೆಂದು ಇಟ್ಟ ಸರಕು. 1857ರ ದಂಗೆಯ ಸುದ್ದಿ ಬಂದದ್ದೇ ತಡ, ಸೈನಿಕರಿಗೆ ಜಾಗ ಬೇಕೆಂದು ಬ್ಯಾರಕ್ ತೆರವು ಮಾಡಿಸಿದರು. ಸಂಗ್ರಹದ ಎಷ್ಟೋ ವಸ್ತುಗಳು ಹಾಳಾದವು. ಅಳಿದುಳಿದದ್ದನ್ನು ಆಯ್ದು ಉಳಿಸಿದವರು ಜಾರ್ಜ್ ಬರ್ಡ್‌ವುಡ್ ಎಂಬ ವೈದ್ಯ. ಮರುವರ್ಷ ಅವರೇ ಸಂಗ್ರಹದ ಮೇಲ್ವಿಚಾರಕರಾದರು.

1858ರಲ್ಲಿ ಕಂಪನಿ ಆಡಳಿತ ಹೋಗಿ ರಾಣಿಯ ಆಡಳಿತ ಬಂತು. ರಾಣಿಯ ಹೆಸರಿನಲ್ಲಿ ಒಂದು ಮ್ಯೂಸಿಯಂ ಮತ್ತು ಉದ್ಯಾನ ಕಟ್ಟೋಣವೆಂದು ಬರ್ಡ್‌ವುಡ್ ಹೊರಟಾಗ ಜೊತೆಗೆ ನಿಂತವರು ವೈದ್ಯ ಡಾ. ಭಾವು ದಾಜಿ ಲಾಡ್ ಮತ್ತು ಊರಿನ ದೊಡ್ಡ ವ್ಯಾಪಾರಿ ಜಗನ್ನಾಥ ಶಂಕರಶೇಟ್. ಅದೇ ಹೊತ್ತಿಗೆ ಶಿವಡಿಯಲ್ಲಿದ್ದ ಕೃಷಿ-ತೋಟಗಾರಿಕೆ ಸಂಘದ ತೋಟವನ್ನು ಸ್ಮಶಾನಕ್ಕೆ ಬಿಟ್ಟುಕೊಡಬೇಕಾಗಿ ಬಂದು, ಅದು ಬೈಕುಲಾ-ಮಜಗಾಂವ್ ನಡುವಿನ ಮೌಂಟ್ ಎಸ್ಟೇಟಿಗೆ ಸ್ಥಳಾಂತರವಾಗಿತ್ತು. ಮ್ಯೂಸಿಯಂಗೂ ಅದೇ ಜಾಗ ಗೊತ್ತಾಯಿತು. 1862ರ ನವೆಂಬರ್ 19ರಂದು ಗವರ್ನರ್ ಬಾರ್ಟಲ್ ಫ್ರಿಯರ್ ಅವರ ಪತ್ನಿ ಉದ್ಯಾನವನ್ನು ತೆರೆದರು. ಮ್ಯೂಸಿಯಂ ಕಟ್ಟಡಕ್ಕೆ ಗವರ್ನರ್ ಅಡಿಗಲ್ಲು ಹಾಕಿದ್ದೂ ಅದೇ ವರ್ಷ. ಒಂದೇ ಆವರಣದಲ್ಲಿ ಮನುಷ್ಯ ಮಾಡಿದ್ದೂ ಮಣ್ಣಿನಲ್ಲಿ ಬೆಳೆದದ್ದೂ ಇರಬೇಕು, ಎರಡನ್ನೂ ನೋಡಿ ಜನ ಕಲಿಯಬೇಕು ಎಂಬುದು ಅಂದಿನ ಯೋಚನೆ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್ ಮತ್ತು ಸರ್ಕಾರಿ ವಸ್ತುಸಂಗ್ರಹಾಲಯ ಪಕ್ಕಪಕ್ಕದಲ್ಲಿ ಬಂದದ್ದೂ ಅದೇ ಕಾಲದಲ್ಲಿ.

ಆ 1862 ಎಂಬ ವರ್ಷ ಉತ್ತರ ಕನ್ನಡದವರಿಗೆ ಇನ್ನೊಂದು ಕಾರಣಕ್ಕೆ ನೆನಪಿರಬೇಕಾದದ್ದು. ಅಲ್ಲಿಯತನಕ ಮದ್ರಾಸ್ ಆಧಿಪತ್ಯದಲ್ಲಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಆ ವರ್ಷವೇ ಕಡಿದು ಮುಂಬಯಿಗೆ ಸೇರಿಸಿದರು. ಇದರ ಹಿಂದಿದ್ದದ್ದು ಹತ್ತಿ. 1840ರ ದಶಕದಿಂದಲೇ ಧಾರವಾಡದ ಎರೆಭೂಮಿಯಲ್ಲಿ ಅಮೆರಿಕದ ಬೀಜ ಬಿತ್ತಿಸಿ ನೋಡುತ್ತಿದ್ದರು; ‘ಧಾರವಾಡ-ಅಮೆರಿಕನ್’ ಎಂಬ ತಳಿ ನೆಲೆಯೂರಿತ್ತು. ಗದಗ, ಹುಬ್ಬಳ್ಳಿ, ಧಾರವಾಡದ ಕಡೆಯ ಅರಳೆ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿಗೆ ಸೇರುತ್ತಿತ್ತು. ಹತ್ತಿಯ ಮಾರುಕಟ್ಟೆಯಲ್ಲಿ ಒಂದು ಬಗೆಯ ಹತ್ತಿಗೆ ‘ಕುಮಟಾ’ ಎಂದೇ ಹೆಸರು ಬಿದ್ದಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು; ಲ್ಯಾಂಕಶೈರಿನ ಗಿರಣಿಗಳು ಭಾರತದ ಹತ್ತಿಗೆ ಬಾಯಿ ಬಿಟ್ಟು ಕುಳಿತವು. ಬೆಲೆ ಮುಗಿಲು ಮುಟ್ಟಿತು. ಇನ್ನೊಂದು ಬಂದರು ಬೇಕು, ಕಾರವಾರವನ್ನು ಬೆಳೆಸಬೇಕು, ಧಾರವಾಡದ ಹತ್ತಿ ಅಲ್ಲಿಂದಲೇ ಹೋಗಬೇಕು ಎಂಬ ಒತ್ತಡವೇ ಜಿಲ್ಲೆಯನ್ನು ಮುಂಬಯಿಯ ಮಡಿಲಿಗೆ ಹಾಕಿತು.

ಯುದ್ಧದ ಆ ಐದು ವರ್ಷಗಳಲ್ಲಿ ಮುಂಬಯಿಗೆ ಹರಿದುಬಂದ ಹೆಚ್ಚುವರಿ ಹಣ ಸುಮಾರು 8 ಕೋಟಿ ಪೌಂಡ್ ಎಂದು ಅಂದಾಜು ಮಾಡಿದವರಿದ್ದಾರೆ. ಈ ಹಣವೇ ವಂತಿಗೆಯಾಗಿ ಮ್ಯೂಸಿಯಂನ ಕಂಬ ಎತ್ತಿತು, ಉದ್ಯಾನದ ಕಾರಂಜಿ ಹರಿಸಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ನೆಲಕ್ಕೆ ಬಿತ್ತು. ಬ್ಯಾಂಕುಗಳು, ಷೇರು ಕಂಪನಿಗಳು ಸಾಲುಸಾಲಾಗಿ ಮುಳುಗಿದವು. ವಂತಿಗೆ ಬರೆಸಿದವರೇ ದಿವಾಳಿಯಾದ ಮೇಲೆ ಕಟ್ಟಡದ ಕೆಲಸ ನಿಲ್ಲದೆ ಏನು ಮಾಡೀತು? ಶಂಕರಶೇಟರು ಆ ವರ್ಷವೇ ತೀರಿಕೊಂಡರು. ಭಾವು ದಾಜಿಯವರು ಷೇರಿನಲ್ಲಿ ಕೈ ಸುಟ್ಟುಕೊಂಡರು. ಕೊನೆಗೆ ಸರ್ಕಾರವೇ ಕೈಹಚ್ಚಿ ಕೆಲಸ ಮುಗಿಸಿತು. 1872ರ ಮೇ 2ರಂದು ‘ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ’ ಬಾಗಿಲು ತೆರೆಯಿತು. ಗಾಡಿ ಹೂಡಿದ ಧಾರವಾಡದ ರೈತ ಈ ಕಟ್ಟಡವನ್ನು ಕಣ್ಣಿನಿಂದ ನೋಡಿರಲಾರ. ಆದರೆ ಅವನ ಬೆವರು ಇದರ ಗಾರೆಯಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹೊರಗಿನಿಂದ ಕಟ್ಟಡ ಸರಳ, ಗಂಭೀರ. ಒಳಗೆ ಕಾಲಿಟ್ಟಾಗ ಮಾತ್ರ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಎರಡು ಅಂತಸ್ತಿನೆತ್ತರಕ್ಕೆ ತೆರೆದುಕೊಂಡ ಹಜಾರ; ತೆಳು ಹಸಿರು ಬಣ್ಣದ ಗೋಡೆ, ಕಂಬಗಳ ತಲೆಯ ಮೇಲೆ ಚಿನ್ನದ ಲೇಪ; ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಎರಕದ ಕಬ್ಬಿಣದ ಕಂಬ, ಕಟಾಂಜನ; ನೆಲಕ್ಕೆ ಮಿಂಟನ್ ಕಂಪನಿಯ ಬಣ್ಣದ ಹಾಸು. ನಟ್ಟನಡುವೆ ಆಲ್ಬರ್ಟ್ ರಾಜಕುಮಾರನ ಅಮೃತಶಿಲೆಯ ಮೂರ್ತಿ. ಅದನ್ನು ಮಾಡಿಸಿಕೊಟ್ಟವರು ಬಾಗ್ದಾದಿನಿಂದ ವಲಸೆ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್. ಪೀಠದ ಮೇಲೆ ಇಂಗ್ಲಿಷಿನ ಜೊತೆ ಹೀಬ್ರೂ ಬರಹವೂ ಇದೆ. ಉದ್ಯಾನದ ಬಾಗಿಲಲ್ಲಿರುವ ಗಡಿಯಾರದ ಗೋಪುರವೂ ಅದೇ ಸಸೂನ್ ಹೆಸರಿನದು.

ಮೇಲಿನ ಅಂತಸ್ತಿನಲ್ಲಿ ಅವಸರ ಬೇಡ. ಹತ್ತೊಂಬತ್ತು-ಇಪ್ಪತ್ತನೆಯ ಶತಮಾನದ ಮುಂಬಯಿಯನ್ನು ಮಣ್ಣಿನ ಬೊಂಬೆಗಳಲ್ಲಿ ಹಿಡಿದಿಟ್ಟಿರುವುದು ಅಲ್ಲಿ. ನೇಕಾರ, ಕುಂಬಾರ, ಮೀನುಗಾರ್ತಿ, ಪೈಲ್ವಾನ, ಬೈರಾಗಿ, ಹೊಲದ ಕೆಲಸ, ಊರ ಮನೆ, ಹಡಗು ಹೀಗೆ ಒಂದು ಇಡೀ ಲೋಕವೇ ಗಾಜಿನ ಕಪಾಟುಗಳಲ್ಲಿದೆ. ದಸರಾ ಗೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸಿ ಬೆಳೆದವರಿಗೆ ಇವುಗಳ ಮುಂದೆ ನಿಂತರೆ ಕಾಲು ಕೀಳಲು ಮನಸ್ಸಾಗದು. ಒಂದು ಕಪಾಟಿನಲ್ಲಿ ಬರೀ ತಲೆಗಳಿವೆ, ಬೇರೆ ಬೇರೆ ಸಮುದಾಯದವರು ಪೇಟ, ಪಗಡಿ, ರುಮಾಲು, ಟೊಪ್ಪಿಗೆ ಕಟ್ಟುತ್ತಿದ್ದ ಬಗೆ ತೋರಿಸಲು ಮಾಡಿದವು. ಹತ್ತಿರ ಬಾಗಿ ನೋಡಿ. ಮಡಿಕೆ ಮಡಿಕೆಯಾಗಿ ಸುತ್ತಿದ ಬಟ್ಟೆಯ ಅಂಚು, ಕಿವಿಯ ಮೇಲೆ ಇಳಿದ ಸುತ್ತು, ಹಣೆಯ ಮೇಲಿನ ನಾಮದ ಗೆರೆ, ಮೀಸೆಯ ತುದಿಯ ತಿರುವು ಒಂದನ್ನೊಂದು ಹೋಲುವುದಿಲ್ಲ. ಇವನ್ನು ಮಾಡಿಸಿದವರ ಉದ್ದೇಶ ಜನರನ್ನು ಜಾತಿ, ಕಸುಬು ಎಂದು ವಿಂಗಡಿಸಿ ಚೀಟಿ ಅಂಟಿಸುವುದಾಗಿತ್ತು. ಆಳುವವರಿಗೆ ಆಳಿಸಿಕೊಳ್ಳುವವರ ಪಟ್ಟಿ ಬೇಕಿತ್ತು. ಮಾಡಿದ ಕೈ ಮಾತ್ರ ಪಟ್ಟಿಗೆ ಒಗ್ಗಲಿಲ್ಲ. ಒಬ್ಬೊಬ್ಬನಿಗೂ ಒಂದೊಂದು ಮುಖ ಕೊಟ್ಟಿತು: ಒಬ್ಬ ಏನೋ ಹೇಳಲು ಹೊರಟವನಂತಿದ್ದರೆ, ಇನ್ನೊಬ್ಬನ ರೆಪ್ಪೆಯಲ್ಲಿ ಆಯಾಸ. ಅಂದಿನ ಮುಂಬಯಿಯಲ್ಲಿ ನಮ್ಮ ಕಡೆಯವರೂ ಕೆಲಸಕ್ಕಿದ್ದರು. ಈ ಸಾಲಿನಲ್ಲಿ ನಮ್ಮ ಮುತ್ತಜ್ಜನ ಕಾಲದ ಮುಖವೊಂದನ್ನು ಹುಡುಕುವುದು ನನಗೆ ಅಭ್ಯಾಸವಾಗಿದೆ.

ಕೆಳಗೆ ಕುಶಲ ಕೈಗಾರಿಕೆಯ ವಿಭಾಗ. ಕಪ್ಪು ಲೋಹದ ಮೈಮೇಲೆ ಬೆಳ್ಳಿಯ ಬಳ್ಳಿ ಹರಿದ ಬಿದರಿ ಕೆಲಸ ಕಂಡರೆ ಬೀದರ್ ಕಡೆಯವರು ಗುರುತಿಸದೆ ಇರರು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತುಂಬಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೀದರ್ ಆಗ ನಿಜಾಮರ ಸೀಮೆ. ಆದರೂ ಅಲ್ಲಿನ ಕೆಲಸ ಇಲ್ಲಿಗೆ ಬಂದಿದೆ. ಪಕ್ಕದಲ್ಲಿ ದಂತ, ಕೊಂಬು, ಗಂಧದ ಮರದ ಕೆತ್ತನೆ. ಕುಮಟೆಯಿಂದ ಬಂದಿದ್ದ ಸೋದರತ್ತೆಯನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕೆತ್ತಿದ ಗಂಧದ ಪೆಟ್ಟಿಗೆಯ ಮುಂದೆ ನಿಂತವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

‘ಇದು ನಮ್ಮ ಕಡೆ ಗುಡಿಗಾರರ ಕೆಲಸದ ಹಾಗೇ ಉಂಟಲ್ದಾ ತಂಗಿ?’ ಎಂದರು.

‘ಎಲ್ಲಿಯದು ಅಂತ ನೋಡ್ತೇನೆ ಇರಿ ಅತ್ತೆ,’ ಎಂದು ಚೀಟಿ ಓದಿದೆ.

‘ಯಾರು ಮಾಡಿದ್ದು ಅಂತ ಬರ್ದಿದ್ದಾರಾ?’

ಬರೆದಿರಲಿಲ್ಲ. ಅತ್ತೆಯ ಊಹೆ ನಿಜವೋ ಅಲ್ಲವೋ, ಪ್ರಶ್ನೆ ಮಾತ್ರ ಸರಿಯಾದದ್ದು. ಗಂಧದ ಕೆತ್ತನೆಗೆ ಆಗಿನ ಮುಂಬಯಿ ಆಧಿಪತ್ಯದಲ್ಲಿ ಸೂರತ್ ಮತ್ತು ಮುಂಬಯಿಯ ಜೊತೆಗೆ ಹೆಸರಾಗಿದ್ದದ್ದು ಕೆನರಾ. ಕುಮಟೆ, ಹೊನ್ನಾವರ, ಶಿರಸಿ, ಸಿದ್ಧಾಪುರಗಳ ಗುಡಿಗಾರರು, ಘಟ್ಟದ ಮೇಲೆ ಸಾಗರ, ಸೊರಬದ ಅವರ ಬಂಧುಗಳು ತಲೆತಲಾಂತರದಿಂದ ಈ ಕಸುಬು ನಡೆಸಿಕೊಂಡು ಬಂದವರು. ಬರ್ಡ್‌ವುಡ್ ಅವರೇ ಮುಂದೆ 1880ರಲ್ಲಿ ಭಾರತದ ಕುಶಲಕಲೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಕಲೆಯ ಹೆಸರು, ಊರಿನ ಹೆಸರು ಇಂಥ ಪುಸ್ತಕಗಳಲ್ಲೆಲ್ಲ ಸಿಗುತ್ತವೆ. ಕುಶಲಕರ್ಮಿಯ ಹೆಸರು ಸಿಗುವುದು ಅಪರೂಪ. ಮ್ಯೂಸಿಯಂ ಹುಟ್ಟಿದ್ದು ಸರಕಿನ ಮಾದರಿ ಇಡಲು. ಮಾದರಿಗೆ ಬೆಲೆ ಬೇಕು, ಊರು ಬೇಕು. ಮಾಡಿದವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಆ ಕೊರತೆಯನ್ನು ತುಂಬುವ ಕೆಲಸ ಇನ್ನೂ ಬಾಕಿಯಿದೆ, ಅದನ್ನು ಮಾಡಬೇಕಾದವರು ಬೇರೆ ಯಾರೋ ಅಲ್ಲ.

ಮ್ಯೂಸಿಯಂಗೆ ಹೆಸರಾದ ಭಾವು ದಾಜಿಯವರ ಕಥೆಯೂ ನಮ್ಮ ಸೀಮೆಗೆ ತಾಗಿಕೊಂಡೇ ಸಾಗುತ್ತದೆ. ಅವರು ಗೋವೆಯ ಮಾಂದ್ರೆಯವರು, ಸಾರಸ್ವತರು. ಹುಡುಗನ ಚದುರಂಗದಾಟದ ಚುರುಕು ಕಂಡ ಇಂಗ್ಲಿಷಿನವನೊಬ್ಬ ಇವನಿಗೆ ಇಂಗ್ಲಿಷ್ ಓದಿಸಿ ಎಂದು ತಂದೆಗೆ ಹೇಳಿದನಂತೆ. ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಓದಿ, ಹೆಣ್ಣು ಶಿಶುಹತ್ಯೆಯ ವಿರುದ್ಧ ಬರೆದ ಪ್ರಬಂಧಕ್ಕೆ ಬಹುಮಾನ ಪಡೆದರು. ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದಲ್ಲಿ ವೈದ್ಯರಾದರು. ಬಡವರಿಗೆ ಪುಕ್ಕಟೆ ಔಷಧ ಕೊಟ್ಟರು, ಕುಷ್ಠರೋಗಕ್ಕೆ ಮದ್ದು ಹುಡುಕುವುದರಲ್ಲಿ ವರ್ಷಗಳನ್ನು ಕಳೆದರು. ಎರಡು ಸಲ ಮುಂಬಯಿಯ ಶೆರಿಫ್ ಆದರು. ಇದರ ಜೊತೆಗೇ ಗುಹೆ ಹತ್ತಿ ಶಾಸನ ಓದುವ ಹುಚ್ಚು. ಕಾಳಿದಾಸನ ಕಾಲದ ಬಗ್ಗೆ ಪ್ರಬಂಧ ಬರೆದ ಈ ವೈದ್ಯರು, ಐಹೊಳೆಯ ಮೇಗುತಿ ಗುಡಿಯ ಶಾಸನವನ್ನು ಮೊದಮೊದಲಿಗೆ ವಿದ್ವಾಂಸರ ಕಣ್ಣಿಗೆ ತಂದವರಲ್ಲಿ ಒಬ್ಬರು. ಇಮ್ಮಡಿ ಪುಲಿಕೇಶಿಯ ಆಸ್ಥಾನದ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆದ ಆ ಶಾಸನದಲ್ಲಿ ಕಾಳಿದಾಸ, ಭಾರವಿಗಳ ಹೆಸರಿದೆಯಲ್ಲ, ಸಂಸ್ಕೃತ ಸಾಹಿತ್ಯದ ಕಾಲನಿರ್ಣಯಕ್ಕೆ ಅದು ಗಟ್ಟಿ ಆಧಾರ.

ಇನ್ನೊಂದು ಎಳೆ ರಂಗಭೂಮಿಯದು. 1842ರಲ್ಲಿ ಹೊನ್ನಾವರದ ಕರ್ಕಿಯ ಭಾಗವತ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ನೋಡಿ ಮೆಚ್ಚಿದ ಸಾಂಗ್ಲಿಯ ಅರಸರು, ಮರಾಠಿಯಲ್ಲಿ ಹೀಗೊಂದು ಮಾಡು ಎಂದು ತಮ್ಮಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದರು. ಮರುವರ್ಷ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು; ಮರಾಠಿ ರಂಗಭೂಮಿಯ ಹುಟ್ಟುಹಬ್ಬ ಆಚರಿಸುವುದು ಆ ದಿನದಂದೇ. ಅದೇ ಭಾವೆ ಮಂಡಳಿ 1853ರಲ್ಲಿ ಮುಂಬಯಿಗೆ ಬಂದಾಗ ಆಡಿದ್ದು ಶಂಕರಶೇಟರ ನೆರವಿನಿಂದ ಎದ್ದ ಗ್ರಾಂಟ್ ರೋಡ್ ನಾಟಕಮಂದಿರದಲ್ಲಿ. ಬೆನ್ನು ತಟ್ಟಿದವರು ಭಾವು ದಾಜಿ. ಮ್ಯೂಸಿಯಂ ಕಟ್ಟಿಸಿದ ಇಬ್ಬರೂ ಕರ್ಕಿಯಿಂದ ಹೊರಟ ಹೆಜ್ಜೆಗೆ ಹೀಗೆ ನೆರಳು ಕೊಟ್ಟವರು. ಭಾವು ದಾಜಿ 1874ರಲ್ಲಿ ತೀರಿಕೊಂಡರು; ಬಾಗಿಲು ತೆರೆದದ್ದನ್ನು ಕಾಣುವ ಭಾಗ್ಯವಂತೂ ಅವರಿಗಿತ್ತು. ನೂರು ವರ್ಷಗಳ ಮೇಲೆ, 1975ರ ನವೆಂಬರ್ 1ರಂದು, ಮ್ಯೂಸಿಯಂಗೆ ರಾಣಿ-ರಾಜಕುಮಾರರ ಹೆಸರು ಹೋಗಿ ಅವರ ಹೆಸರು ಬಂತು.

ನಡುವಿನ ಕಾಲ ಅಷ್ಟೇನೂ ಒಳ್ಳೆಯದಾಗಿರಲಿಲ್ಲ. 1922ರಲ್ಲಿ ಕೋಟೆ ಪ್ರದೇಶದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ತೆರೆದ ಮೇಲೆ ಊರಿನ ಗಮನ, ಗಣ್ಯರ ಕಾಣಿಕೆ ಎಲ್ಲ ಆ ಕಡೆ ತಿರುಗಿತು. ಬೈಕುಲಾದ್ದು ಸೋರುವ ಮಾಡು, ಮಾಸಿದ ಗಾಜು, ಗೆದ್ದಲಿನ ನಡುವೆ ದಿನ ದೂಡಿತು. 2003ರಲ್ಲಿ ಮಹಾನಗರ ಪಾಲಿಕೆ, ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಒಟ್ಟಿಗೆ ಕುಳಿತು ಒಪ್ಪಂದ ಮಾಡಿಕೊಂಡವು. ಪದರ ಪದರವಾಗಿ ಕೂತಿದ್ದ ಬಣ್ಣ ಕೆರೆದು ಹಳೆಯ ಹಸಿರು ಹುಡುಕಿದರು, ಒಂದೊಂದು ಬೊಂಬೆಯನ್ನೂ ಕೈಗೆತ್ತಿಕೊಂಡು ಸರಿಮಾಡಿದರು. 2005ರಲ್ಲಿ ಕಟ್ಟಡಕ್ಕೆ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಅತ್ಯುನ್ನತ ಮನ್ನಣೆ ಸಿಕ್ಕಿತು. 2008ರ ಜನವರಿಯಲ್ಲಿ ಜನರಿಗೆ ತೆರೆಯಿತು. ಕೊರೊನಾದಲ್ಲಿ ಮುಚ್ಚಿದ್ದು ಮತ್ತೆ ದುರಸ್ತಿಗೆ ಬಿದ್ದು 2025ರ ಜನವರಿಯಲ್ಲಷ್ಟೇ ಬಾಗಿಲು ತೆರೆದಿದೆ. ಹಳ್ಳಿಯ ಮನೆಯನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ತಿರುವಿ ಕಾಯುವವರಿಗೆ ಬಿಡಿಸಿ ಹೇಳಬೇಕಿಲ್ಲ, ಹಳೆಯ ಕಟ್ಟಡವನ್ನು ಒಂದು ಸಲ ಸರಿಮಾಡಿ ಬಿಟ್ಟರೆ ಸಾಲದು.

ಹೊರಗೆ ಬಂದಾಗ ಪಕ್ಕದಲ್ಲೇ ಒಂದು ಕಲ್ಲಿನ ಆನೆ ಕಾಣುತ್ತದೆ. ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎಲಿಫೆಂಟಾ ದ್ವೀಪಕ್ಕೆ ಪೋರ್ಚುಗೀಸರು ಆ ಹೆಸರಿಟ್ಟದ್ದು ಈ ಆನೆಯನ್ನು ನೋಡಿಯೇ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಸರಪಳಿ ಹರಿದು ಆನೆ ಬಿದ್ದು ಚೂರುಚೂರಾಯಿತು. ಚೂರುಗಳನ್ನು ಈ ಉದ್ಯಾನಕ್ಕೆ ತಂದು ಹಾಕಿದರು. ಅರ್ಧ ಶತಮಾನದ ಮೇಲೆ, 1914ರಲ್ಲಿ, ಮತ್ತೆ ಜೋಡಿಸಿ ನಿಲ್ಲಿಸಿದರು. ಹತ್ತಿರ ಹೋಗಿ ಮೈಮೇಲೆ ಕಣ್ಣಾಡಿಸಿದರೆ ಕಪ್ಪು ಕಲ್ಲಿನ ನಡುವೆ ಹರಿದ ಬೆಸುಗೆಯ ಗೆರೆಗಳು ಕಾಣುತ್ತವೆ, ಕಾಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬೆನ್ನಿಗೆ. ಸರಪಳಿ ಗಟ್ಟಿಯಾಗಿದ್ದಿದ್ದರೆ ಈ ಆನೆ ಇಂದು ಲಂಡನ್ನಿನಲ್ಲಿರುತ್ತಿತ್ತು. ನೂರಾರು ವರ್ಷ ಮಳೆ-ಗಾಳಿಗೆ ನಿಂತ ಮೂರ್ತಿ ಒಡೆದದ್ದು ದುಃಖವೇ. ಆದರೂ ಒಡೆದು ನಮ್ಮಲ್ಲೇ ಉಳಿದದ್ದು ಸಮಾಧಾನ.

ಮ್ಯೂಸಿಯಂ ಸುತ್ತಮುತ್ತ ಇನ್ನೊಂದು ಬಗೆಯ ಮೂರ್ತಿಗಳಿವೆ. 1960ರ ದಶಕದಲ್ಲಿ ಬೀದಿ ಬೀದಿಯಿಂದ ಇಳಿಸಿದ ಬ್ರಿಟಿಷರ ಕಲ್ಲು-ಕಂಚಿನ ಮೂರ್ತಿಗಳಲ್ಲಿ ಹಲವನ್ನು ಇಲ್ಲಿಗೆ ತಂದರು. ಕೆಲವಕ್ಕೆ ತಲೆಯಿಲ್ಲ, ಕೆಲವಕ್ಕೆ ಮೂಗಿಲ್ಲ. ಕಾಲಾ ಘೋಡಾ ಎಂಬ ಬಡಾವಣೆಗೆ ಹೆಸರು ತಂದ ಕಪ್ಪು ಕುದುರೆ, ಅದರ ಮೇಲಿನ ಸವಾರ ಏಳನೆಯ ಎಡ್ವರ್ಡ್ ಇಲ್ಲಿದ್ದಾರೆ. ಬರೋಡದ ಖಂಡೇರಾವ್ ಗಾಯಕವಾಡರು ಮಾಡಿಸಿಕೊಟ್ಟ ವಿಕ್ಟೋರಿಯಾ ರಾಣಿಯ ಮೂರ್ತಿಯೂ ಇದೆ. 1896ರಲ್ಲಿ ಕ್ರಾಂತಿಕಾರಿ ದಾಮೋದರ ಚಾಪೇಕರ್ ಟಾರು ಬಳಿದದ್ದು ಅದಕ್ಕೇ. ಕನ್ನಡಿಗರು ನಿಂತು ನೋಡಬೇಕಾದ ಇಬ್ಬರು ಅಲ್ಲಿದ್ದಾರೆ: ಕಾರ್ನ್‌ವಾಲಿಸ್ ಮತ್ತು ವೆಲ್ಲೆಸ್ಲಿ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವನು ಕಾರ್ನ್‌ವಾಲಿಸ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನು ರಿಚರ್ಡ್ ವೆಲ್ಲೆಸ್ಲಿ. ಈ ಗೆಲುವಿನ ಸೊಕ್ಕಿನಲ್ಲಿ ಕೆತ್ತಿಸಿದ ಅಮೃತಶಿಲೆ ಈಗ ಹೀಗೆ ಮೂಲೆ ಸೇರಿದೆ. ಇವನ್ನು ಒಡೆದು ಬಿಸಾಡದೆ ಇಟ್ಟದ್ದು ಒಳ್ಳೆಯದಾಯಿತು. ಮಕ್ಕಳಿಗೆ ಇತಿಹಾಸ ಹೇಳಲು ಇದಕ್ಕಿಂತ ತಕ್ಕ ಜಾಗ ಬೇರಿಲ್ಲ.

ಉದ್ಯಾನದ ಕಡೆಗೆ ಬರೋಣ. 1873ರಲ್ಲಿ ಅದು ನಗರಸಭೆಯ ಕೈಗೆ ಬಂತು. 1890ರಲ್ಲಿ ಮೃಗಾಲಯ ಸೇರಿಕೊಂಡಿತು. ಈಗ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ ಎಂಬ ಹೆಸರಿದ್ದರೂ ಜನರ ಬಾಯಲ್ಲಿ ರಾಣಿಬಾಗ್ ಆಗಿಯೇ ಉಳಿದಿದೆ. ನೂರಾರು ಜಾತಿಯ ಮರಗಳಿರುವ ಈ ಐವತ್ತು ಎಕರೆ ಮೂಲದಲ್ಲಿ ಸಸ್ಯೋದ್ಯಾನ ಎಂಬುದನ್ನು ನಗರ ಆಗಾಗ ಮರೆಯುತ್ತದೆ. 2007ರ ಸುಮಾರಿಗೆ ಇದನ್ನು ಅಂತರರಾಷ್ಟ್ರೀಯ ಮಟ್ಟದ ಮೃಗಾಲಯ ಮಾಡುವ ದೊಡ್ಡ ಯೋಜನೆ ಬಂದಾಗ ಮರಗಳ ಗತಿಯೇನು ಎಂದು ಊರಿನ ಕೆಲವು ನಾಗರಿಕರು, ಅದರಲ್ಲೂ ಹೆಂಗಸರು, ದನಿ ಎತ್ತಿದರು. ವರ್ಷಗಟ್ಟಲೆ ಮರ ಮರ ತಿರುಗಿ ಪಟ್ಟಿ ಮಾಡಿದರು, ಕಚೇರಿ ಕಚೇರಿ ಅಲೆದರು. ಯೋಜನೆ ಆಗ ಇದ್ದ ರೂಪದಲ್ಲಿ ಮುಂದುವರಿಯಲಿಲ್ಲ. ಇವತ್ತು ನಾವು ನಡೆಯುವ ನೆರಳಿನಲ್ಲಿ ಅವರ ಹಟವೂ ಸೇರಿದೆ.

ಆಫ್ರಿಕದ ಬಾಓಬಾಬ್ ಇಲ್ಲಿದೆ. ಸವಣೂರಿನ ದೊಡ್ಡಹುಣಸೆ ಮಠದ ಮೂರು ಭಾರಿ ಮರಗಳನ್ನು ನೋಡಿದವರು ಎಲೆ ಉದುರಿದ ಕಾಲದಲ್ಲೂ ಇದರ ಗುರುತು ಹಿಡಿಯುತ್ತಾರೆ. ಕೆಂಪು-ಕಿತ್ತಳೆ ಗೊಂಚಲು ಬಿಡುವ ಮಡಗಾಸ್ಕರ್‌ನ ಕೋಲ್ವಿಲಿಯಾ, ಎಲೆಯ ಬುಡ ಬಟ್ಟಲಾಗಿ ಮಡಿಚಿಕೊಂಡ ಕೃಷ್ಣ ಆಲ ಕೂಡ ಇವೆ. ಮಳೆ ನಿಂತ ಮೇಲೆ ಹೋದರೆ ಹೂವು ಹೆಚ್ಚು, ಜನ ಕಡಿಮೆ.

ಬುಧವಾರ ಮ್ಯೂಸಿಯಂಗೂ ಉದ್ಯಾನಕ್ಕೂ ರಜೆ. ಉಳಿದ ದಿನ ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮೊದಲು ಮ್ಯೂಸಿಯಂ, ಆಮೇಲೆ ಮರಗಳು, ಮಕ್ಕಳಿಗಾಗಿ ಕೊನೆಯಲ್ಲಿ ಪೆಂಗ್ವಿನ್. ತಿರುವುಮುರುವು ಮಾಡಿದರೆ ಮ್ಯೂಸಿಯಂಗೆ ಬರುವಾಗ ಕಾಲೂ ಸೋತಿರುತ್ತದೆ, ಕಣ್ಣೂ ಸೋತಿರುತ್ತದೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಹೀಗೆ ಈ ನಗರದಲ್ಲಿ ಕನ್ನಡದ ಮನೆಗಳಿಗೆ ಕೊರತೆಯಿಲ್ಲ. ಅವರಲ್ಲಿ ಯಾರಾದರೂ ತಿಂಗಳಿಗೊಂದು ಭಾನುವಾರ ಇಲ್ಲಿ ಕನ್ನಡದಲ್ಲಿ ಸುತ್ತಿಸಿ ತೋರಿಸುವ ಏರ್ಪಾಡು ಮಾಡಬಹುದು. ಶಿರಸಿ, ಕುಮಟೆ, ಸಾಗರದ ಗುಡಿಗಾರ ಮನೆತನಗಳಲ್ಲಿ ಹಳೆಯ ಕಾಗದ, ಪದಕ, ಪ್ರಶಸ್ತಿಪತ್ರ ಇದ್ದರೆ ಅವುಗಳ ಪ್ರತಿಯೊಂದಿಗೆ ಮ್ಯೂಸಿಯಂನವರಿಗೆ ಬರೆಯಬಹುದು. ಮಾಡಿದವರ ಹೆಸರು ಒಂದೆರಡಾದರೂ ಹಾಗೆ ಸಿಕ್ಕೀತು, ಕಪಾಟಿನ ಚೀಟಿಯಲ್ಲಿ ಊರಿನ ಪಕ್ಕಕ್ಕೆ ಅದನ್ನೂ ಬರೆಯಲು ಜಾಗವಿದೆ.